ಗೋಲು ಬಿದ್ದ ಜಾಗ ಬಿಡು, ಬಾಲು ಕಳ್ಕೊಂಡ ಜಾಗ ನೋಡು

ಪ್ರೀತಿಯ ಅಳಿಯ ದೇವ್ರಿಗೆ ಮಾವನ ಆಶೀರ್ವಾದಗಳು,

ನೀನು ಕಳ್ಸಿದ ಸ್ಕ್ರೀನ್‌ಶಾಟ್ ಎಲ್ಲಾ ನೋಡ್ದೆ ಪುಟ್ಟ, ಆ ಮಧ್ಯರಾತ್ರಿ ವಾಯ್ಸ್ ನೋಟೂ ಕೇಳ್ದೆ. ವಾಟ್ಸಾಪಲ್ಲಿ ಎರಡು ಸಾಲಲ್ಲಿ ಹೇಳಿ ಮುಗ್ಸೋ ವಿಷ್ಯ ಅಲ್ಲ ಇದು, ಅದಕ್ಕೇ ಕೂತ್ಕೊಂಡು ಬರೀತಿದೀನಿ. ಅಮ್ಮ ಕೇಳಿದ್ರೆ ಮಾವ ಬುದ್ಧಿ ಹೇಳಿ ಕಾಗ್ದ ಬರ್ದಿದಾರೆ ಅನ್ನು ಸಾಕು, ಯಾವುದರ ಬಗ್ಗೆ ಅಂತ ಬಿಡಿಸಿ ಹೇಳೋಕ್ಕೆ ಹೋಗ್ಬೇಡ.

ಫುಟ್‌ಬಾಲ್ ಮ್ಯಾನೇಜರ್ 24 ಅನ್ನೋ ಕಂಪ್ಯೂಟರ್ ಗೇಮಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಟೀಮ್ ತಗೊಂಡು ಡಿಸೆಂಬರ್‌ವರೆಗೂ ಟಾಪಲ್ಲಿದ್ದೆ, ಈಗ ಜಾರಿ ಜಾರಿ ಮೇಲಿನ ಲೀಗಿಗೆ ಹೋಗೋಕ್ಕೆ ಆಡೋ ಪ್ಲೇಆಫಿನ ಜಾಗಾನೂ ಹೋಗ್ತಿದೆ, ಅದಕ್ಕೆ ನಿನ್ನ ತೀರ್ಪು ಏನಪ್ಪಾ ಅಂದ್ರೆ ಗೇಮು ನಿನ್ನ ಟ್ಯಾಕ್ಟಿಕ್ಸ್ ಕ್ರ್ಯಾಕ್ ಮಾಡ್ಬಿಟ್ಟಿದೆ, ಗೋಲಿನ ಮುಂದೆ ನಡುವೆ ನಿಲ್ಲೋ ಡಿಫೆಂಡರ್, ಸೆಂಟರ್ ಬ್ಯಾಕ್ ಬ್ಯಾಲರ್ಡ್ ದಂಡ, ಅವನ್ನ ಜನವರಿಲಿ ಮಾರಿ ಬೇರೆಯವನ್ನ ತರ್ತೀನಿ ಅಂತ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ ಕಣೋ. ಬ್ಯಾಲರ್ಡ್ ಎದುರಿಗೆ ಗೋಲು ಬಿತ್ತು ಅಂದ ಮಾತ್ರಕ್ಕೆ ಬ್ಯಾಲರ್ಡಿಂದ ಗೋಲು ಬಿತ್ತು ಅಂತಲ್ಲ. ಅವನು ಪಾಪ ಕಡೇಲಿ ಉಳ್ಕೊಂಡಿದ್ದೋನು, ಅದಕ್ಕೆ ಕ್ಯಾಮೆರಾ ಅವನ ಮೇಲಿದೆ ಅಷ್ಟೆ.

ಒಂದು ಕೆಲ್ಸ ಮಾಡು. ಬರೀ ಕೀ ಹೈಲೈಟ್ಸ್ ನೋಡೋದು ಬಿಡು. ಹೊಸ ಮ್ಯಾಚಲ್ಲಿ ಮೊದಲ ಹದಿನೈದು ನಿಮಿಷ ಫುಲ್ ಮ್ಯಾಚ್ ಹಾಕ್ಕೊಂಡು ನೋಡು, ಬೋರಾಗತ್ತೆ, ಆಗ್ಲಿ. ಆಮೇಲೆ ಇತ್ತೀಚೆಗೆ ತಿಂದ ಗೋಲುಗಳನ್ನೆಲ್ಲಾ ತೆಗ್ದು ಪ್ರತಿಯೊಂದನ್ನೂ ಗೋಲಿಂದ ಹಿಂದಕ್ಕೆ ಎಳಿ, ನಿನ್ನ ಟೀಮು ಬಾಲು ಕಳ್ಕೊಂಡ ಕ್ಷಣಕ್ಕೆ ಪಾಸ್ ಮಾಡು, ಪಾಸ್ ಅಂದ್ರೆ ಪರೀಕ್ಷೆ ಅಲ್ಲ, ಆಟ ನಿಲ್ಸೋ ಪಾಸ್ ಬಟನ್ನು. ಆ ಕ್ಷಣದಲ್ಲಿ ಬಾಲಿಗಿಂತ ಹಿಂದೆ ನಿನ್ನೋರು ಎಷ್ಟು ಜನ ಇದಾರೆ ಎಣ್ಸು. ನೀನು ಕಳ್ಸಿದ ಕ್ಲಿಪ್ಪಲ್ಲಿ ಇಬ್ರೇ ಇಬ್ರು, ಆ ಇಬ್ರ ಮೇಲೆ ಮೂರು ಜನ ನುಗ್ಗಿ ಬರ್ತಿದಾರೆ.

ಯಾಕೆ ಇಬ್ರೇ ಅಂತ ನಿನ್ನ ಟ್ಯಾಕ್ಟಿಕ್ಸ್ ಪೇಜಲ್ಲೇ ಬರ್ದಿದೆ ನೋಡು. 4-2-3-1 ಫಾರ್ಮೇಶನ್, ಗೆಗೆನ್‌ಪ್ರೆಸ್, ಅಂದ್ರೆ ಬಾಲು ಕಳ್ಕೊಂಡ ತಕ್ಷಣ ಅಲ್ಲೇ ಮುತ್ಕೊಂಡು ಕಿತ್ಕೊಳ್ಳೋ ಆಟ. ಎಡಗಡೆ ಜ್ಯಾಕ್ ಕ್ಲಾರ್ಕ್ ಇನ್ವರ್ಟೆಡ್ ವಿಂಗರ್, ಅಟ್ಯಾಕ್ ಡ್ಯೂಟಿ. ಅವನ ಹಿಂದೆ ಸಿರ್ಕಿನ್ ವಿಂಗ್ ಬ್ಯಾಕ್, ಅವನಿಗೂ ಅಟ್ಯಾಕು. ಬಲಗಡೆ ಹ್ಯೂಮ್, ಅವನಿಗೂ ಅಟ್ಯಾಕು! ಮಧ್ಯದಲ್ಲಿ ಡ್ಯಾನ್ ನೀಲ್ ಮೈದಾನದ ಈ ಕಡೆಯಿಂದ ಆ ಕಡೆಗೆ ಓಡೋ ಬಾಕ್ಸ್ ಟು ಬಾಕ್ಸ್, ಎಕ್ವಾ ಜಾಗ ಬಿಟ್ಟು ತಿರುಗಾಡೋ ರೋಮಿಂಗ್ ಪ್ಲೇಮೇಕರ್. ಅಲ್ಲಾ ಮಾರಾಯಾ, ಎಲ್ರೂ ಮದ್ವೆ ಊಟಕ್ಕೆ ಹೋದ್ರೆ ಮನೆ ಕಾಯೋರ್ಯಾರು? ಕ್ಲಾರ್ಕ್ ಒಳಕ್ಕೆ ನುಗ್ತಾನೆ, ಸಿರ್ಕಿನ್ ಮುಂದಕ್ಕೆ ಓಡ್ತಾನೆ, ಬಾಲು ಹೋಯ್ತು ಅಂದ್ರೆ ಎಡಗಡೆ ಪೂರ್ತಿ ಖಾಲಿ, ಅದನ್ನ ಮುಚ್ಚೋಕ್ಕೆ ಬ್ಯಾಲರ್ಡೋ ಅವನ ಜೋಡಿನೋ ಸೈಡಿಗೆ ಹೋಗ್ಬೇಕು, ಅವನು ಹೋದ್ರೆ ನಡುವೆ ಓಣಿ ತೆರ್ಕೊಳತ್ತೆ, ಅಲ್ಲಿಗೆ ಸೈಡಿಂದ ಹಿಂದಕ್ಕೆಳೆದ ಒಂದು ಪಾಸು, ಕಟ್‌ಬ್ಯಾಕ್, ಗೋಲು. ನಿನ್ನ ಕಣ್ಣಿಗೆ ಬಿದ್ದಿದ್ದು ಕಡೇ ಪಾಸು ಮಾತ್ರ.

ಅದಕ್ಕೆ ಈಗ್ಲೇ ಫಾರ್ಮೇಶನ್ ಪೂರ್ತಿ ಬದಲಾಯಿಸೋಕ್ಕೆ ಹೋಗ್ಬೇಡ. ಎಕ್ವಾನ ಒಂದು ಮೆಟ್ಲು ಕೆಳಕ್ಕಿಳ್ಸಿ ಡಿಫೆನ್ಸಿವ್ ಮಿಡ್‌ಫೀಲ್ಡರ್ ಮಾಡಿ ಡಿಫೆಂಡ್ ಡ್ಯೂಟಿ ಕೊಡು. ಅದೊಂದನ್ನೇ ಮಾಡಿ ನಾಲ್ಕೈದು ಮ್ಯಾಚ್ ಆಡ್ಸು. ಸಾಲ್ಲಿಲ್ಲ ಅಂದ್ರೆ ಹ್ಯೂಮ್‌ನ ಅಷ್ಟಾಗಿ ಮುಂದಕ್ಕೆ ಹೋಗದ ಫುಲ್ ಬ್ಯಾಕ್ ಸಪೋರ್ಟಿಗೆ ಇಳ್ಸು, ಎಡಗಡೆ ಸಿರ್ಕಿನ್ ಹೋಗ್ಲಿ ಬಿಡು, ಒಬ್ಬ ಹೋದ್ರೆ ಒಬ್ಬ ನಿಂತ್ಕೊಂಡ್ರೆ ಲೆಕ್ಕ ಸರಿಯಾಗತ್ತೆ. ಕ್ಲಾರ್ಕ್ ಡ್ಯೂಟಿ ಮಾತ್ರ ಮುಟ್ಬೇಡ, ಗೋಲು ತರೋನು ಅವನೇ. ಬೇರೆ ವಿಂಗರ್ ಹಾಕ್ಬೇಕಾಗಿ ಬಂದ್ರೆ ಅವನ ವರ್ಕ್ ರೇಟು, ಟೀಮ್‌ವರ್ಕು ನೋಡಿ ಹಾಕು, ಡ್ರಿಬ್ಲಿಂಗ್ ಒಂದೇ ನೋಡ್ಬೇಡ.

ಒಂದ್ಸಲಕ್ಕೆ ಒಂದೇ ಅಂತ ಯಾಕೆ ಹೇಳ್ತಿದೀನಿ ಗೊತ್ತಾ? ನೀನು ಒಂದು ಮ್ಯಾಚ್ ಸೋತ ತಕ್ಷಣ ಐದು ಇನ್‌ಸ್ಟ್ರಕ್ಷನ್ ಬದಲಾಯ್ಸಿ, ಮುಂದಿನ ಮ್ಯಾಚ್ ಗೆದ್ರೆ ಆ ಐದರಲ್ಲಿ ಯಾವುದು ಕೆಲ್ಸ ಮಾಡ್ತು ಅಂತ ನಿಂಗೇ ಗೊತ್ತಿರಲ್ಲ. ಅದ್ರ ಮೇಲೆ ಯಾರೋ ಮಾಡಿದ ಟ್ಯಾಕ್ಟಿಕ್ಸ್ ಡೌನ್‌ಲೋಡ್ ಮಾಡಿ ಹಾಕಿದೀಯ, ಪ್ಲೇಯರ್‌ಗಳಿಗೆ ಅದು ಅಭ್ಯಾಸ ಆಗೋಕ್ಕೆ ಮುಂಚೆ ಇನ್ನೊಂದು. ಫೆಮಿಲಿಯಾರಿಟಿ ಬಾರು ಯಾವತ್ತೂ ತುಂಬೋದೇ ಇಲ್ಲ. ಗೇಮಲ್ಲಿ ಮೂರು ಟ್ಯಾಕ್ಟಿಕ್ಸ್ ಒಟ್ಟಿಗೆ ಟ್ರೈನ್ ಮಾಡೋಕ್ಕೆ ಜಾಗ ಕೊಟ್ಟಿದಾರೆ, ಅದನ್ನ ಒಂದೇ ಫಾರ್ಮೇಶನ್ನಿನ ಮೂರು ರೂಪಕ್ಕೆ ಬಳಸು.

ಇನ್ನು ಹೈ ಲೈನ್, ಅಂದ್ರೆ ಡಿಫೆಂಡರ್‌ಗಳ ಸಾಲನ್ನ ಮುಂದಕ್ಕೆ ತಂದು ನಿಲ್ಸೋದು. ಲೈನ್ ಮೇಲಕ್ಕಿಟ್ಟಿದೀಯ, ತಪ್ಪಲ್ಲ, ಆದ್ರೆ ಬಾಲು ಇಟ್ಕೊಂಡಿರೋನ ಮೇಲೆ ಒತ್ತಡ ಇದ್ರೆ ಮಾತ್ರ ಹೈ ಲೈನ್ ನಡ್ಯೋದು. 2023ರ ನವೆಂಬರ್ 6ರ ಟಾಟನ್‌ಹ್ಯಾಮ್ ಚೆಲ್ಸಿ ಮ್ಯಾಚ್ ಹುಡುಕಿ ನೋಡು. ಟಾಟನ್‌ಹ್ಯಾಮಿನ ರೊಮೆರೊ, ಉಡೋಜಿ ಇಬ್ರಿಗೂ ರೆಡ್ ಕಾರ್ಡ್, ಸ್ಪೀಡಾಗಿ ಓಡಿ ಹಿಡಿಯೋ ವ್ಯಾನ್ ಡಿ ವೆನ್ ಇಂಜುರಿ ಆಗಿ ಆಚೆ, ಆದ್ರೂ ಅವ್ರ ಆಗಿನ ಕೋಚ್ ಪೊಸ್ಟೆಕೊಗ್ಲು ಒಂಬತ್ತು ಜನರನ್ನ ಇಟ್ಕೊಂಡು ಲೈನ್ ಹಾಫ್‌ವೇ ಹತ್ರನೇ ನಿಲ್ಸಿದ್ರು. ಗೋಲ್‌ಕೀಪರ್ ವಿಕಾರಿಯೊ ಬಾಕ್ಸ್ ಆಚೆ ಓಡಿ ಬಂದು ಬಂದು ಉಳಿಸ್ತಿದ್ದ. ಧೈರ್ಯ ಮೆಚ್ಚಬೇಕು, ನಂಗಂತೂ ನೋಡೋಕ್ಕೆ ಖುಷಿನೇ ಆಯ್ತು, ಆದ್ರೆ ಮುಂದೆ ಪ್ರೆಸ್ ಮಾಡೋಕ್ಕೆ ಜನ ಇಲ್ಲದೆ ಚೆಲ್ಸಿಯೋರಿಗೆ ತಲೆಯೆತ್ತಿ ನೋಡಿ ಆ ಲೈನಿನ ಹಿಂದಕ್ಕೆ ಬಾಲು ಹಾಕೋಕ್ಕೆ ಬೇಕಾದಷ್ಟು ಟೈಮ್ ಸಿಕ್ತು, 4-1, ಜ್ಯಾಕ್ಸನ್ ಹ್ಯಾಟ್ರಿಕ್. ನಿನ್ನ ಟೀಮಲ್ಲೂ ಅರವತ್ತನೇ ನಿಮಿಷದ ಮೇಲೆ ಆಗ್ತಿರೋದು ಅದೇ. ರೆಡ್ ಕಾರ್ಡ್ ಇಲ್ಲ, ಸುಸ್ತು. ನೀನು ಆಡ್ತಿರೋ ಚಾಂಪಿಯನ್‌ಶಿಪ್, ಇಂಗ್ಲೆಂಡಿನ ಎರಡನೇ ಹಂತದ ಲೀಗು, ಅಂದ್ರೆ 46 ಲೀಗ್ ಮ್ಯಾಚು, ಕಪ್ ಬೇರೆ, ಡಿಸೆಂಬರಲ್ಲಿ ಮೂರು ನಾಲ್ಕು ದಿನಕ್ಕೊಂದು ಆಟ. ಅದೇ ಹನ್ನೊಂದು ಜನರ ಕೈಲಿ ಪ್ರೆಸ್ ಮಾಡ್ಸಿದ್ರೆ ಅವ್ರು ಓಡಲ್ಲ, ನಡೀತಾರೆ, ಲೈನ್ ಮಾತ್ರ ಮೇಲೇ ನಿಂತಿರತ್ತೆ. ಪ್ರೆಸ್ ಕಮ್ಮಿ ಆಗ್ತಿದೆ ಅನ್ನಿಸಿದ್ರೆ ಲೈನೂ ಒಂದು ಹಂತ ಇಳಿಬೇಕು. ಲೈನ್ ಒಂದೇ ಇಳಿಸಿ ಪ್ರೆಸ್ ಶುರು ಮಾಡೋ ಗೆರೆ, ಲೈನ್ ಆಫ್ ಎಂಗೇಜ್‌ಮೆಂಟ್, ಮೇಲೇ ಬಿಟ್ರೆ ಮಧ್ಯದಲ್ಲಿ ಮೈದಾನದಷ್ಟು ಗ್ಯಾಪು, ಅದನ್ನೂ ನೋಡ್ಕೊ. ಸಬ್ಸ್ಟಿಟ್ಯೂಟ್ ಎಂಬತ್ತನೇ ನಿಮಿಷದವರೆಗೂ ಯಾಕೆ ಬಚ್ಚಿಟ್ಕೋತೀಯೋ ನಂಗರ್ಥ ಆಗಲ್ಲ.

ಗೇಮು ಕ್ರ್ಯಾಕ್ ಮಾಡ್ತು ಅಂದ್ಯಲ್ಲ, ಅದಕ್ಕೆ ಬರ್ತೀನಿ. ಆಗಸ್ಟಲ್ಲಿ ನಿನ್ನನ್ನ ಯಾರೂ ಲೆಕ್ಕಕ್ಕಿಟ್ಟಿರ್ಲಿಲ್ಲ, ಎಲ್ರೂ ನಿನ್ನ ಮೇಲೆ ಅಟ್ಯಾಕಿಗೆ ಬಂದ್ರು, ಅವ್ರ ಹಿಂದೆ ಜಾಗ ಇತ್ತು, ಕ್ಲಾರ್ಕ್ ಓಡ್ದ, ಗೋಲು. ಟೇಬಲಲ್ಲಿ ಮೇಲಕ್ಕೆ ಹೋದ್ಮೇಲೆ ಅದೇ ಟೀಮುಗಳು ಬಾಕ್ಸ್ ಮುಂದೆ ಹತ್ತು ಜನ ಕೂರಿಸ್ಕೊಂಡು ಬರ್ತವೆ, ಓಡೋಕ್ಕೆ ಜಾಗಾನೇ ಇಲ್ಲ, ನೀನು ಇನ್ನೂ ಅದೇ ಹೈ ಟೆಂಪೋ, ಅದೇ ಡೈರೆಕ್ಟ್ ಪಾಸು. ಕಳ್ಸಿದ ಸ್ಟ್ಯಾಟ್ಸಲ್ಲಿ 22 ಶಾಟು, ಎಕ್ಸ್‌ಜಿ (ಆ ಅವಕಾಶಗಳಿಂದ ನಿರೀಕ್ಷಿಸಬಹುದಾದ ಗೋಲು) 0.9. ಅದರರ್ಥ ದೂರದಿಂದ ಸುಮ್ನೆ ಹೊಡೀತಿದಾರೆ, ದುರಾದೃಷ್ಟ ಗಿರಾದೃಷ್ಟ ಏನಿಲ್ಲ. ಅಂಥ ಮ್ಯಾಚಿಗೆ ಟೆಂಪೋ ಇಳ್ಸು, ಪಾಸ್ ಚಿಕ್ಕದು ಮಾಡು, ಅಗಲ ಜಾಸ್ತಿ ಮಾಡು, ತಾಳ್ಮೆ ಇರ್ಲಿ. ಶಾಟ್ ಹೊಡ್ದು ಬ್ಲಾಕ್ ಆದ ಬಾಲೇ ನಿನ್ಗೆ ಕೌಂಟರ್ ಆಗಿ ವಾಪಸ್ ಬರ್ತಿರೋದು, ಅಂದ್ರೆ ಮುಂದಿನ ಅವಸರ ಕಮ್ಮಿ ಆದ್ರೆ ಹಿಂದೆ ಗೋಲೂ ಕಮ್ಮಿ ಆಗತ್ತೆ. ಇದೊಂದು ನಿನ್ಗೆ ತಲೆಗೆ ಹೋದ್ರೆ ಉಳಿದಿದ್ದೆಲ್ಲಾ ತಾನಾಗೇ ಹೋಗತ್ತೆ.

ಕಾರ್ನರ್, ಫ್ರೀ ಕಿಕ್ ಪ್ಲಾನ್ ಮಾಡೋ ಸೆಟ್ ಪೀಸ್ ಪೇಜು ನೀನು ತೆಗ್ದೇ ಇಲ್ಲ ಅಂತ ಕಾಣತ್ತೆ. ಈ ವರ್ಷನ್ನಲ್ಲಿ ಅದನ್ನ ಹೊಸದಾಗಿ ಮಾಡಿದಾರೆ, ಒಂದರ್ಧ ಗಂಟೆ ಕೂತ್ಕೋ. ಹತ್ತು ಜನ ಬಾಗ್ಲಲ್ಲಿ ಕೂತಿರೋ ಟೀಮಿನ ಮೇಲೆ ಕಾರ್ನರ್ರೇ ದಾರಿ. ನಮ್ಮ ಬೆಂಗ್ಳೂರು ಎಫ್‌ಸಿ 2019ರ ಇಂಡಿಯನ್ ಸೂಪರ್ ಲೀಗ್ ಫೈನಲಲ್ಲಿ ಮುಂಬೈಲಿ ಗೋವಾ ಮೇಲೆ ಗೆದ್ದಿದ್ದು ಹೇಗೆ, 117ನೇ ನಿಮಿಷದಲ್ಲಿ ಡಿಮಾಸ್ ಹಾಕಿದ ಕಾರ್ನರಿಗೆ ರಾಹುಲ್ ಭೇಕೆ ಹೆಡ್ಡರ್, ಒಂದೇ ಗೋಲು, ಕಪ್ಪು ಬೆಂಗ್ಳೂರಿಗೆ. ನೀನು ಮಾರಕ್ಕೆ ಹೊರಟಿರೋ ಬ್ಯಾಲರ್ಡ್ ಇದಾನಲ್ಲ, ಅವನನ್ನ ಕಾರ್ನರಿಗೆ ಹತ್ತಿರದ ಗೋಲ್ ಕಂಬಕ್ಕೆ, ನಿಯರ್ ಪೋಸ್ಟಿಗೆ, ಕಳ್ಸಿ ನೋಡು. ಹಾಂ, ಕಾರ್ನರಿಗೆ ಎಲ್ರನ್ನೂ ಕಳಿಸ್ಬೇಡ, ಹಿಂದೆ ಇಬ್ರು ನಿಂತಿರ್ಲಿ.

ಸೋತಾಗೆಲ್ಲಾ ಸೇವ್ ರೀಲೋಡ್ ಮಾಡೋದು ನಿಲ್ಸು, ನಂಗೆ ಗೊತ್ತಾಗಲ್ಲ ಅನ್ಕೊಬೇಡ. ಮ್ಯಾಚ್ ಅಳ್ಸಿದ್ರೆ ತಪ್ಪು ಎಲ್ಲಿತ್ತು ಅಂತ ನೋಡೋಕ್ಕೆ ಇದ್ದ ಒಂದೇ ಸಾಕ್ಷಿನೂ ಅಳ್ಸಿದ ಹಾಗೆ.

ಎಕ್ವಾನ ಇಳ್ಸಿ ನಾಲ್ಕು ಮ್ಯಾಚ್ ಆಡ್ಸಿದ್ಮೇಲೆ ತಿಂದ ಗೋಲುಗಳ ಕ್ಲಿಪ್ ಕಳ್ಸು, ಗೋಲಿಂದಲ್ಲ, ಬಾಲು ಕಳ್ಕೊಂಡ ಕಡೆಯಿಂದ ಶುರು ಆಗೋ ಥರ ಕಟ್ ಮಾಡಿ. ಅಲ್ಲೀವರೆಗೂ ಬ್ಯಾಲರ್ಡಿಗೆ ಬಂದ ಆಫರ್ ರಿಜೆಕ್ಟ್ ಮಾಡಿರು. ಭಾನುವಾರ ಮಧ್ಯಾಹ್ನ ಫ್ರೀ ಇರ್ತೀನಿ, ಫೋನ್ ಮಾಡು.

ಇಂತಿ ನಿನ್ನ
ಮಾವ