ಚೈನೀಸ್ ಚೆಕ್ಕರ್ ಚೀನಾದ್ದಲ್ಲ

ಮಾನ್ಯರೇ,

ಬೇಸಿಗೆ ರಜೆ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮಕ್ಕಳ ಶಿಬಿರಗಳಲ್ಲಿ ‘ಚೀನಾದ ಆಟ’ ಎಂದು ಆರು ಮೂಲೆಯ ನಕ್ಷತ್ರದ ಹಲಗೆ, ಬಣ್ಣದ ಗೋಲಿ ತಂದಿಡುವುದುಂಟು. ಪತ್ರಿಕೆಗಳ ಮಕ್ಕಳ ಪುಟದಲ್ಲೂ ಅದನ್ನು ಹಾಗೆಯೇ ಕರೆಯುತ್ತಾರೆ. ಆ ಆಟ ಹುಟ್ಟಿದ್ದು 1892ರಲ್ಲಿ, ಜರ್ಮನಿಯಲ್ಲಿ, ಸ್ಟರ್ನ್ ಹಾಲ್ಮಾ ಎಂಬ ಹೆಸರಿನಲ್ಲಿ. ‘ಚೈನೀಸ್’ ಎಂಬುದು 1928ರ ಸುಮಾರಿಗೆ ಅಮೆರಿಕದ ವ್ಯಾಪಾರಿಗಳು ಅಂಟಿಸಿದ ಹೆಸರು. ಆಟವೇನೂ ಕೆಟ್ಟದ್ದಲ್ಲ, ಆಡಲಿ. ಆದರೆ ಚೀನಾದ ಆಟ ಎಂದ ಮೇಲೆ ಅಲ್ಲಿನವರು ಆಡುವುದನ್ನೇ ಕಲಿಸಬೇಕಲ್ಲವೇ? ಅದಕ್ಕೆ ಅಂಗಡಿಗೆ ಹೋಗಿ ದುಡ್ಡು ಸುರಿಯಬೇಕಾಗಿಯೂ ಇಲ್ಲ.

ಮಳೆಗಾಲದಲ್ಲಿ ಮನೆಯೊಳಗೆ ಕೂತು ಆಡಲು ಹೇಳಿ ಮಾಡಿಸಿದ್ದು ಅಲ್ಲಿನ ಚದುರಂಗ, ಶಿಯಾಂಗ್‌ಚಿ. ಹಳೆಯ ದೊಡ್ಡ ಕ್ಯಾಲೆಂಡರಿನ ಹಿಂಬದಿಯಲ್ಲಿ 4 ಸೆಂ.ಮೀ. ಅಂತರದಲ್ಲಿ ಉದ್ದಕ್ಕೆ 9 ಗೆರೆ, ಅಡ್ಡಕ್ಕೆ 10 ಗೆರೆ ಎಳೆಯಿರಿ. 5 ಮತ್ತು 6ನೇ ಅಡ್ಡಗೆರೆಗಳ ನಡುವೆ ಅಂಚಿನ ಎರಡು ಬಿಟ್ಟು ಬೇರೆ ಉದ್ದಗೆರೆ ಬೇಡ. ಅದು ಹೊಳೆ. ಕ್ರಿ.ಪೂ. 206ರಿಂದ 202ರವರೆಗೆ ಕಾದಾಡಿದ ಚೂ ಮತ್ತು ಹಾನ್ ಪಕ್ಷಗಳ ಗಡಿ ಎಂದು ಅಲ್ಲಿನ ಹಲಗೆಗಳ ಮೇಲೆ ಬರೆದಿರುತ್ತದೆ. ಎರಡೂ ತುದಿಯಲ್ಲಿ, ನಟ್ಟನಡುವಿನ ನಾಲ್ಕು ಚೌಕಗಳ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಹಾಕಿದರೆ ಅರಮನೆ.

ಕಾಯಿಗಳಿಗೆ ಒಂದೇ ಅಳತೆಯ 32 ನೀರಿನ ಬಾಟಲಿ ಮುಚ್ಚಳ ಸಾಕು. ಅರ್ಧಕ್ಕೆ ಕೆಂಪು, ಅರ್ಧಕ್ಕೆ ಕಪ್ಪು ಅಕ್ಷರ. ಒಂದು ಪಕ್ಷಕ್ಕೆ ಸೇನಾಪತಿ 1, ಮಂತ್ರಿ, ಆನೆ, ಕುದುರೆ, ರಥ, ಫಿರಂಗಿ ಎರಡೆರಡು, ಸೈನಿಕರು 5. ‘ಸೇ’, ‘ಮಂ’, ‘ಆ’ ಎಂದು ಮೊದಲಕ್ಷರ ಬರೆದರಾಯಿತು. ಪ್ಲಾಸ್ಟಿಕ್ ಮೇಲೆ ನೇರವಾಗಿ ಬರೆದರೆ ಬೆವರು ಕೈಗೆ ಅಳಿಸಿಹೋಗುತ್ತದೆ. ಕಾಗದದಲ್ಲಿ ಬರೆದು ಅಂಟಿಸಿ, ಮೇಲೊಂದು ಟೇಪ್ ಹಾಕಿ.

ಕಾಯಿ ಇಡುವುದು ಚೌಕದೊಳಗಲ್ಲ, ಗೆರೆಗಳು ಕೂಡುವ ಕಡೆ. ಚದುರಂಗ ಬಲ್ಲವರೇ ಇಲ್ಲಿ ಮೊದಲು ತಪ್ಪುವುದು. ಹಿಂದಿನ ಸಾಲಿನಲ್ಲಿ ರಥ, ಕುದುರೆ, ಆನೆ, ಮಂತ್ರಿ, ನಡುವೆ ಸೇನಾಪತಿ, ಆಮೇಲೆ ಅದೇ ಹಿಂದುಮುಂದಾಗಿ. ಮೂರನೇ ಗೆರೆಯಲ್ಲಿ ಕುದುರೆಗಳ ಎದುರಿಗೆ ಫಿರಂಗಿ, ನಾಲ್ಕನೆಯದರಲ್ಲಿ ಒಂದು ಬಿಟ್ಟು ಒಂದರಂತೆ ಸೈನಿಕರು. ಮೊದಲ ನಡೆ ಕೆಂಪಿನದು.

ನಮ್ಮ ಚದುರಂಗದ ಆನೆಯ ಓಟ ಅಲ್ಲಿ ರಥದ್ದು. ಅಲ್ಲಿನ ಆನೆ ನಮ್ಮ ಒಂಟೆಯಂತೆ ಓರೆ, ಅದೂ ಸರಿಯಾಗಿ ಎರಡೇ ಹೆಜ್ಜೆ. ನಡುವೆ ಕಾಯಿ ಇದ್ದರೆ ಅಷ್ಟೂ ಇಲ್ಲ. ಸಕ್ರೆಬೈಲಿನ ಆನೆಗಳು ತುಂಗೆಗೆ ಇಳಿದು ಮೀಯುತ್ತವೆ, ಈ ಆನೆ ಮಾತ್ರ ಹೊಳೆ ದಾಟದು. ಸೇನಾಪತಿ ನೇರ ಒಂದು ಹೆಜ್ಜೆ, ಮಂತ್ರಿ ಓರೆ ಒಂದು ಹೆಜ್ಜೆ. ಇಬ್ಬರೂ ಅರಮನೆ ಬಿಡುವಂತಿಲ್ಲ. ಸೈನಿಕ ಮುಂದಕ್ಕೆ ಒಂದು ಹೆಜ್ಜೆ, ಹೊಳೆ ದಾಟಿದ ಮೇಲೆ ಪಕ್ಕಕ್ಕೂ.

ಕುದುರೆ ಹಾರುವುದಿಲ್ಲ. ಮೊದಲು ಒಂದು ಹೆಜ್ಜೆ ನೇರ, ನಂತರ ಒಂದು ಓರೆ. ಆ ಮೊದಲ ಹೆಜ್ಜೆಯ ಜಾಗದಲ್ಲಿ ಯಾರ ಕಾಯಿ ಕೂತಿದ್ದರೂ ಆ ದಿಕ್ಕಿನ ಎರಡೂ ನಡೆ ಬಂದ್. ಹೀಗಾಗಿ ಕೆಂಪು ಕುದುರೆ ಕಪ್ಪು ಕುದುರೆಯನ್ನು ಹೊಡೆಯಬಹುದು, ಕಪ್ಪಿಗೆ ಮಾತ್ರ ಕೆಂಪನ್ನು ಮುಟ್ಟಲಾಗದು ಎಂಬ ಪೇಚು ಆಗಾಗ ಬರುತ್ತದೆ.

ಆಟದ ರುಚಿ ಇರುವುದು ಫಿರಂಗಿಯಲ್ಲಿ. ಸುಮ್ಮನೆ ನಡೆಯುವಾಗ ಅದು ರಥದಂತೆಯೇ. ಹೊಡೆಯಬೇಕಾದರೆ ನಡುವೆ ಒಂದೇ ಒಂದು ಕಾಯಿ ಇರಬೇಕು, ಯಾರದಾದರೂ ಸರಿ. ಹೊಸಬರು ಮೊದಲ ನಡೆಯಲ್ಲೇ ಎದುರಿನ ಫಿರಂಗಿಯ ಮೇಲಿಂದ ಹಾರಿ ಕುದುರೆ ಹೊಡೆದು ಹಿಗ್ಗುತ್ತಾರೆ; ಮರುಕ್ಷಣ ಮೂಲೆಯ ರಥ ಆ ಫಿರಂಗಿಯನ್ನು ನುಂಗುತ್ತದೆ. ಹಲಗೆ ತುಂಬಿರುವಾಗ ಕುದುರೆಗಿಂತ ಫಿರಂಗಿಗೆ ಬೆಲೆ ಹೆಚ್ಚು, ಆದ್ದರಿಂದ ಅದು ನಷ್ಟದ ವ್ಯಾಪಾರ. ಕಾಯಿ ಕಡಿಮೆಯಾದಂತೆ ಲೆಕ್ಕ ತಿರುಗುತ್ತದೆ: ಫಿರಂಗಿಗೆ ಹಾರಲು ಆಸರೆ ಸಿಗುವುದಿಲ್ಲ, ಕುದುರೆಗೆ ಅಡ್ಡಗಾಲು ಇರುವುದಿಲ್ಲ.

ಇಬ್ಬರು ಸೇನಾಪತಿಗಳು ನಡುವೆ ಕಾಯಿಯಿಲ್ಲದೆ ಒಂದೇ ಗೆರೆಯಲ್ಲಿ ಮುಖಾಮುಖಿ ನಿಲ್ಲುವಂತಿಲ್ಲ. ನಡೆಯೇ ಇಲ್ಲದೆ ಸಿಕ್ಕಿಬಿದ್ದರೆ ಡ್ರಾ ಅಲ್ಲ, ಸೋಲು.

ಅಡಿಕೆ ಒಣಗಿಸಿ ಖಾಲಿಯಾದ ಅಂಗಳಕ್ಕೆ ಜಿಯಾನ್‌ಜ್ ಒಳ್ಳೆಯದು, ಅಂದರೆ ಪುಕ್ಕದ ಚೆಂಡನ್ನು ಕಾಲಲ್ಲೇ ನೆಲಕ್ಕೆ ಬೀಳದಂತೆ ಚಿಮ್ಮುವುದು. ರೂಪಾಯಿಗಿಂತ ತುಸು ಅಗಲದ ಎರಡು ಕಬ್ಬಿಣದ ವಾಷರ್, ತುಂಡು ಬಟ್ಟೆ, ಬೆರಳುದ್ದದ ಪ್ಲಾಸ್ಟಿಕ್ ನಳಿಗೆ, ನಾಟಿ ಹುಂಜದ ನಾಲ್ಕು ಗರಿ. ನಳಿಗೆಯ ಬುಡವನ್ನು ನಾಲ್ಕಾಗಿ ಸೀಳಿ, ವಾಷರ್‌ಗಳ ತೂತಿನಲ್ಲಿ ತೂರಿಸಿ, ಸೀಳುಗಳನ್ನು ಕೆಳಗೆ ಮಡಚಿ, ಬಟ್ಟೆ ಸುತ್ತಿ ಹೊಲಿಯಿರಿ. ಗರಿಗಳನ್ನು ನಳಿಗೆಗೆ ಸಿಕ್ಕಿಸಿ ದಾರ ಬಿಗಿಯಿರಿ. ಗರಿಗಳೆಲ್ಲ ಒಂದೇ ಕಡೆ ಬಾಗಿದ್ದರೆ ಚೆಂಡು ವಾಲುತ್ತದೆ. ಬಾಗು ಹೊರಗೆ ಮಾಡಿ ನಾಲ್ಕು ದಿಕ್ಕಿಗೆ ಇಡಬೇಕು. ಒಂದೇ ವಾಷರ್ ಹಾಕಿದರೆ ಗಾಳಿಗೆ ಅಲೆಯುತ್ತದೆ. ಗರಿ ನೆಂದರೆ ಒಂದಕ್ಕೊಂದು ಅಂಟಿ ಚೆಂಡು ಕಲ್ಲಿನಂತೆ ಬೀಳುತ್ತದೆ.

ಕಲಿಯುವವರು ಬೆರಳ ತುದಿಯಿಂದ ಒದೆಯುತ್ತಾರೆ, ಅದು ಮುಂದಕ್ಕೆ ಹಾರಿಹೋಗುತ್ತದೆ. ಮಂಡಿಯನ್ನು ಹೊರಕ್ಕೆ ತೆರೆದು ಪಾದದ ಒಳಬದಿಯನ್ನು ಮೇಲ್ಮುಖ ಮಾಡಿ ಎತ್ತಿದರೆ ನೇರ ಮೇಲೇಳುತ್ತದೆ. ಚಿಕ್ಕ ಮಕ್ಕಳಿಗೆ ಚೆಂಡಿಗೆ ದಾರ ಕಟ್ಟಿ ತುದಿಯನ್ನು ಕೈಗೆ ಕೊಡಿ. ಹೆಕ್ಕಲು ಓಡುವ ಹೊತ್ತೂ ಅಭ್ಯಾಸಕ್ಕೆ ಸಿಗುತ್ತದೆ.

ಮುಂದಿನ ರಜೆಗೆ ತಮ್ಮ ಮಕ್ಕಳ ಪುಟದಲ್ಲಿ ನಕ್ಷತ್ರದ ಚಿತ್ರದ ಬದಲು ಈ ಹೊಳೆ, ಅರಮನೆಯ ಹಲಗೆಯನ್ನೇ ಅಚ್ಚು ಹಾಕಿ, ಮಕ್ಕಳು ಕತ್ತರಿಸಿ ರಟ್ಟಿಗೆ ಅಂಟಿಸಿಕೊಳ್ಳಲಿ. ಮುಕ್ಕಾಲು ಪುಟವಾದರೂ ಬೇಕಾದೀತು. ಜಾಗ ಉಳಿಸಲು ಗೆರೆಗಳ ಅಂತರವನ್ನು 3 ಸೆಂ.ಮೀ.ಗೆ ಇಳಿಸಿದರೆ ಮುಚ್ಚಳಗಳು ಒಂದಕ್ಕೊಂದು ತಾಗಿ ಕಾಯಿ ನಡೆಸುವುದೇ ಕಷ್ಟ.

– ಕೆಲವು ಚದುರಂಗ ಆಸಕ್ತರು, ಶಿವಮೊಗ್ಗ