ಲ್ಯಾಬ್‌ನಲ್ಲಿ ಸ್ಯಾಂಪಲ್ ಒಣಗಿಸುವ ಓವನ್‌ಗೆ ಪ್ರೋಗ್ರಾಂ ಹಾಕುವವರೆಲ್ಲ ಒಮ್ಮೆ ಓದಿ

ನಿನ್ನೆ ಸಂಜೆ ಇಟ್ಟ ಅಡಿಕೆ ಸೋಗೆಯ ಸ್ಯಾಂಪಲ್ ಬೆಳಗ್ಗೆ ನೋಡಿದರೆ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ತಪ್ಪು ನನ್ನದೇ. ಮಣ್ಣಿನ ತೇವ ನೋಡಲು ಹಾಕಿದ್ದ 105 ಡಿಗ್ರಿ, 24 ಗಂಟೆಯ ಪ್ರೋಗ್ರಾಂ ಹಾಗೇ ಉಳಿದಿತ್ತು, ನಾನು ನೋಡದೆ ಸುಮ್ನೆ ರನ್ ಒತ್ತಿಬಿಟ್ಟೆ. ಎಲೆಗೆ 65ರಿಂದ 70 ಸಾಕು, ಅಲ್ವಾ.

ಓವನ್‌ನ ಬಿಸಿ ನಿಯಂತ್ರಿಸುವ ನಮ್ಮ ಕಂಟ್ರೋಲರ್‌ನಲ್ಲಿ ಪ್ರತಿ ಹಂತಕ್ಕೂ ಎರಡು ಅಂಕಿ ಕೊಡಬೇಕು: ಎಷ್ಟು ಡಿಗ್ರಿಗೆ ಹೋಗಬೇಕು, ಎಷ್ಟು ನಿಮಿಷದಲ್ಲಿ. ಬಿಸಿ ಏರುವುದು ಒಂದು ಹಂತ, ಏರಿದ ಮೇಲೆ ಅಲ್ಲೇ ನಿಲ್ಲುವುದು ಬೇರೆ ಹಂತ. 30ರಿಂದ 70ಕ್ಕೆ 40 ನಿಮಿಷ ಕೊಟ್ಟರೆ ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರುತ್ತದೆ, ಆಮೇಲೆ ಇನ್ನೊಮ್ಮೆ 70 ಎಂದೇ ಹಾಕಿ 2880 ನಿಮಿಷ ಕೊಟ್ಟರೆ 48 ಗಂಟೆ ಅಲ್ಲೇ ನಿಲ್ಲುತ್ತದೆ. ಈ ಎರಡನೇ 70 ಮರೆತರೆ 70 ಮುಟ್ಟಿದ ಕೂಡಲೇ ಪ್ರೋಗ್ರಾಂ ಮುಗಿದಂತೆ.

ಹಸಿ ಸ್ಯಾಂಪಲ್ ಜಾಸ್ತಿ ತುಂಬಿದರೆ ಒಳಗಿನ ಬಿಸಿ ಹಿಂದೆ ಬೀಳುತ್ತದೆ, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಹಾಗಾಗಿ ನಿಜವಾದ ಬಿಸಿ ಬರುವವರೆಗೆ ಕಾಯುವ ಸೆಟ್ಟಿಂಗ್ ಆನ್ ಇಡಿ. ಕೊನೆಯ ಹಂತದ ನಂತರ ಆಫ್ ಆಗಬೇಕೋ ಅದೇ ಬಿಸಿಯಲ್ಲಿ ನಿಲ್ಲಬೇಕೋ ಅದನ್ನೂ ನೋಡಿ.

ಕಾಸರಗೋಡಿನ ಮಳೆಗಾಲ ಬೇರೆ. ಕರೆಂಟ್ ಹೋಗಿ ಬಂದ ಮೇಲೆ ನಿಂತಲ್ಲಿಂದ ಮುಂದುವರಿಯುವಂತೆ ನಾನು ಇವತ್ತು ಸೆಟ್ ಮಾಡಿದ್ದೇನೆ, ದಯವಿಟ್ಟು ಬದಲಿಸಬೇಡಿ. ಮಣ್ಣಿನದು, ಎಲೆಯದು ಎರಡೂ ಪ್ರೋಗ್ರಾಂಗಳನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದು ಬಾಗಿಲ ಪಕ್ಕ ಅಂಟಿಸಿದ್ದೇನೆ. ಸೋಗೆ ಇನ್ನೊಂದು ಸಲ ಯಾರು ತರುತ್ತೀರಿ?