ಹೆಸರು ಹಿಡಿದು ಹುಡುಕೋದನ್ನ ಕಲಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ಕನ್ನಡದಲ್ಲೇ ಕೋಡಿಂಗ್ ಹೇಳ್ಕೊಡೋ ಬರಹಗಳು ಈಗ ಪತ್ರಿಕೆಗಳಲ್ಲೂ ಬರ್ತಿರೋದು ನೋಡಿದ್ರೆ ತುಂಬಾ ಖುಷಿಯಾಗುತ್ತೆ, ಅದಕ್ಕೇ ಈ ಪತ್ರ ಬರೀತಿದೀನಿ. ಅರೇ (ಸಾಲಾಗಿ ಜೋಡಿಸಿದ ಪಟ್ಟಿ) ಅಂದ್ರೇನು, ಆಬ್ಜೆಕ್ಟ್ (ಒಬ್ಬರ ಇಲ್ಲಾ ಒಂದರ ವಿವರಗಳನ್ನ ಒಟ್ಟಿಗೆ ಇಡೋ ಕಟ್ಟು) ಅಂದ್ರೇನು ಅಂತ ಚೆನ್ನಾಗೇ ಹೇಳ್ತಾರೆ, ಆದ್ರೆ ಪಟ್ಟಿಯೊಳಗಿಂದ ನಮಗೆ ಬೇಕಾದ ಒಬ್ಬರನ್ನ ಹುಡುಕಿ ತೆಗೆಯೋ ಪಾಠಕ್ಕೆ ಬಂದ್ರೆ ಉದಾಹರಣೆ ಯಾವಾಗ್ಲೂ ಹೆಸರಿಂದೇ ಇರುತ್ತೆ. ನಾನೂ ಹಾಗೇ ಕಲಿತೆ, ಅದರಿಂದ ನಮ್ಮೂರಲ್ಲಿ ಇಬ್ಬರು ಹೆಂಗಸರ ಹಾಲಿನ ದುಡ್ಡು ತಪ್ಪಿಹೋಯ್ತು.

ನಮ್ಮೂರ ಡೈರಿಗೆ ಒಂದು ಸಣ್ಣ ಪ್ರೋಗ್ರಾಮ್ ಬರ್ಕೊಟ್ಟಿದ್ದೆ. ಸದಸ್ಯರೆಲ್ಲ ಒಂದು ಅರೇಲಿ, ಒಬ್ಬೊಬ್ಬರಿಗೆ ಒಂದೊಂದು ಆಬ್ಜೆಕ್ಟ್, ಅದರಲ್ಲಿ ನಂಬರ್, ಹೆಸರು, ಗಂಡನ ಹೆಸರು, ಹಾಕಿದ ಹಾಲು, ಫ್ಯಾಟು. ಹೊತ್ತಾರೆ ಸಂಜೆ ಹಾಲು ಅಳೆದಾಗ ಹೆಸರು ಟೈಪ್ ಮಾಡಿದ್ರೆ ಜಾವಾಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಫೈಂಡ್ ಅನ್ನೋ ಮೆಥಡ್ಡು (ಭಾಷೆಯಲ್ಲೇ ಸಿದ್ಧವಾಗಿರೋ ಆಜ್ಞೆ) ಆ ಹೆಸರಿನ ಆಬ್ಜೆಕ್ಟನ್ನ ಹುಡುಕಿ ಅದರ ಲೆಕ್ಕಕ್ಕೆ ಲೀಟರ್ ಸೇರಿಸ್ತಿತ್ತು. ಈ ಫೈಂಡ್ ಭಾಷೆಗೆ ಸೇರಿದ್ದು 2015ರಲ್ಲಿ, ಬಹಳ ಅನುಕೂಲದ್ದು, ಆದ್ರೆ ಅದು ಮೊದಲನೇದು ಸಿಕ್ಕ ತಕ್ಷಣ ನಿಂತುಬಿಡುತ್ತೆ, ಅದೇ ಹೆಸರು ಮುಂದೆ ಇನ್ನೂ ಇದ್ಯಾ ಅಂತ ನೋಡೋದೇ ಇಲ್ಲ. ನಮ್ಮೂರಲ್ಲಿ ಇಬ್ಬರು ನಂಜಮ್ಮ ಇದಾರೆ, ಒಬ್ಬರದು 17ನೇ ನಂಬರ್, ಇನ್ನೊಬ್ಬರದು 112. ಇಬ್ಬರ ಹಾಲೂ 17ಕ್ಕೇ ಹೋಗಿ ಸೇರ್ತಾ ಬಂತು. ಬಟವಾಡೆ ದಿನ 112ರ ನಂಜಮ್ಮ ಖಾಲಿ ಚೀಟಿ ಹಿಡ್ಕೊಂಡು ನಮ್ಮನೆ ಬಾಗಿಲಿಗೇ ಬಂದ್ರು, ‘ಏನಪ್ಪಾ, ನನ್ ಹಸ ಹಾಲೇ ಕೊಡ್ಲಿಲ್ವಾ?’ ಅಂದ್ರು. ಹಿಂಡಿ, ಬೂಸ ತರೋದು ಅವರು ಆ ದುಡ್ಡಲ್ಲೇ.

ಇನ್ನೊಬ್ಬರು ನಿಂಗಮ್ಮ. ಊರಿಗೆಲ್ಲ ಆ ಹೆಸರಿನವರು ಅವರೊಬ್ಬರೇ, ಆದ್ರೂ ಅವರ ಹಾಲು ಯಾರ ಲೆಕ್ಕಕ್ಕೂ ಸೇರಿರಲಿಲ್ಲ. ಒಂದು ರಾತ್ರಿಯೆಲ್ಲ ಕೂತು ನೋಡಿದ ಮೇಲೆ ಗೊತ್ತಾಯ್ತು, ಸದಸ್ಯರ ಪಟ್ಟಿ ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಒತ್ತಿದ್ರು. ‘ನಿಂಗಮ್ಮ’, ‘ನಿ೦ಗಮ್ಮ’, ನೋಡಿ, ಕಣ್ಣಿಗೆ ವ್ಯತ್ಯಾಸ ಕಾಣುತ್ತಾ? ಕಂಪ್ಯೂಟರ್‌ಗೆ ಮಾತ್ರ ಎರಡೂ ಬೇರೆ ಬೇರೆ ಅಕ್ಷರ. ಹಾಗೇ ‘ರಾಜ್‌ಕುಮಾರ್’ ಥರದ ಹೆಸರಿನ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತೆ, ಜ ಮತ್ತು ಕ ಒತ್ತಕ್ಷರ ಆಗದೆ ಇರ್ಲಿ ಅಂತ, ಅದನ್ನ ಒಬ್ಬರು ಹಾಕ್ತಾರೆ ಒಬ್ಬರು ಬಿಡ್ತಾರೆ. ಮಂಜುನಾಥ, ಮಂಜುನಾಥ್ ಅನ್ನೋದಂತೂ ಮನೆಮನೆಗೂ ಇರೋದೇ. ಇಂಗ್ಲಿಷ್ ಪಾಠಗಳಲ್ಲಿ ಇದ್ಯಾವುದೂ ಬರಲ್ಲ, ಕನ್ನಡದಲ್ಲಿ ಬರೆಯೋರೇ ಹೇಳಬೇಕು. ಹೆಸರು ಸಿಗದೇ ಇದ್ರೆ ಫೈಂಡ್ ಅನ್‌ಡಿಫೈನ್ಡ್ (ಏನೂ ಸಿಗ್ಲಿಲ್ಲ) ಅಂತ ಕೊಡುತ್ತೆ, ಹಾಗಾದ್ರೆ ಬಿಟ್ಟು ಮುಂದಕ್ಕೆ ಹೋಗು ಅಂತ ನಾನೇ ಬರೆದಿದ್ದೆ. ಅಲ್ಲೇ ನಿಂತು ‘ಈ ಹೆಸರು ಪಟ್ಟೀಲಿಲ್ಲ’ ಅಂತ ತೋರಿಸಿದ್ದಿದ್ರೆ ಮೊದಲನೇ ದಿನಾನೇ ಗೊತ್ತಾಗ್ತಿತ್ತು.

ನನಗೆ ಹೆಚ್ಚು ಬೇಜಾರಾಗಿದ್ದು ಏನಂದ್ರೆ, ಕಾರ್ಯದರ್ಶಿಯವರ ಹಳೇ ಪುಸ್ತಕದಲ್ಲಿ ಮೊದಲಿಂದ್ಲೂ ನಂಬರೇ ಇತ್ತು, ಅವರು ಯಾರ ಹೆಸರು ನೋಡಿಯೂ ಲೆಕ್ಕ ಬರೀತಿರಲಿಲ್ಲ. ಆ ಪುಸ್ತಕ ತೆಗೆದೇ ಆಮೇಲೆ ಇಬ್ಬರ ದುಡ್ಡೂ ಸರಿ ಮಾಡಿದ್ದು.

ಈಗ ಸದಸ್ಯರ ನಂಬರ್ ಅನ್ನೋ ಪ್ರಾಪರ್ಟಿಯಿಂದ (ಆಬ್ಜೆಕ್ಟಿನೊಳಗಿನ ಒಂದು ವಿವರ) ಹುಡುಕ್ತೀವಿ. ಅದರಲ್ಲೂ ಒಂದು ಸಲ ಎಡವಿದೆ, ಟೈಪ್ ಮಾಡೋ ಡಬ್ಬಿಯಿಂದ ಬರೋ ‘17’ ಅನ್ನೋದು ಅಕ್ಷರಗಳ ರೂಪದಲ್ಲಿರುತ್ತೆ, ಪಟ್ಟೀಲಿರೋ 17 ಅನ್ನೋದು ಸಂಖ್ಯೆ, ಮೂರು ಸಮಚಿಹ್ನೆ (===) ಹಾಕಿ ಹೋಲಿಸಿದ್ರೆ ಎರಡೂ ಒಂದೇ ಅಂತ ಒಪ್ಪಲ್ಲ, ಮೊದಲು ಸಂಖ್ಯೆ ಮಾಡ್ಕೋಬೇಕು. ನಂಬರ್ 17 ಅಂದ್ರೆ ಅರೇಲಿ 17ನೇ ಇಂಡೆಕ್ಸ್ (ಸಾಲಿನಲ್ಲಿರೋ ಜಾಗದ ಸಂಖ್ಯೆ) ಅಂತ ಎಷ್ಟೋ ಹುಡುಗರು ತಿಳ್ಕೋತಾರೆ, ಅದೂ ತಪ್ಪು, ಇಂಡೆಕ್ಸ್ ಸೊನ್ನೆಯಿಂದ ಶುರುವಾಗುತ್ತೆ, ಮಧ್ಯದಿಂದ ಒಬ್ಬರನ್ನ ತೆಗೆದ್ರೆ ಅವರ ಆಮೇಲಿನವರೆಲ್ಲ ಒಂದೊಂದು ಜಾಗ ಮುಂದಕ್ಕೆ ಸರೀತಾರೆ. ಹೆಸರಿಂದಲೇ ಹುಡುಕೋ ಪರಿಸ್ಥಿತಿ ಬಂದ್ರೆ ಫೈಂಡ್ ಬೇಡ, ಫಿಲ್ಟರ್ ಹಾಕಿ, ಅದು ಆ ಹೆಸರಿನ ಎಲ್ಲರನ್ನೂ ಕೊಡುತ್ತೆ, ಗಂಡನ ಹೆಸರೋ ತಂದೆ ಹೆಸರೋ ಪಕ್ಕದಲ್ಲಿ ತೋರಿಸಿ ಯಾರು ಅಂತ ಕೇಳಿ. ಕೆಲವು ನೂರು ಜನರ ಪಟ್ಟಿಗೆ ಇದರಿಂದ ಏನೂ ನಿಧಾನ ಆಗಲ್ಲ.

ಈ ಪಾಠ ಬರೆಯೋರಿಗೆಲ್ಲ ನಿಮ್ಮ ಮೂಲಕ ನನ್ನ ಕೋರಿಕೆ ಇಷ್ಟೇ, ಉದಾಹರಣೆಗೆ ಪಟ್ಟಿ ಕೊಡುವಾಗ ಅದರಲ್ಲಿ ಇಬ್ಬರು ನಂಜಮ್ಮನ್ನ ಇಟ್ಟೇ ಕೊಡಿ.

– ಒಬ್ಬ ಓದುಗ, ಹಾಸನ ಜಿಲ್ಲೆ